ಟ್ಯಾಪ್ಲೋದ ಮಕ್ಕಳು

ಲಂಡನ್ನಿನಿಂದ ಪಶ್ಚಿಮಕ್ಕೆ ಹೊರಟರೆ ಮೇಡನ್‌ಹೆಡ್‌ಗೆ ಸ್ವಲ್ಪ ಮುಂಚೆ ಸಿಗುವ ಚಿಕ್ಕ ಊರು ಟ್ಯಾಪ್ಲೋ. ಪಕ್ಕದಲ್ಲೇ ಥೇಮ್ಸ್ ನದಿ ಆತುರವಿಲ್ಲದೆ ಹರಿಯುತ್ತದೆ. ದಡದ ಮೇಲೆ ಮರಗಳು ಒತ್ತಾಗಿ ಬೆಳೆದ ಏರು, ಏರಿನ ನೆತ್ತಿಯಲ್ಲಿ ಕ್ಲಿವ್ಡನ್ ಎಂಬ ಭಾರೀ ಬಂಗಲೆ. ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಕುಳಿತ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್ ಬಾಳಿದ ಮನೆ ಅದು. ಎರಡನೆಯ ಮಹಾಯುದ್ಧ ಶುರುವಾದಾಗ ಆಸ್ಟರ್ ಮನೆತನದವರು ಎಸ್ಟೇಟಿನ ಒಂದು ಭಾಗವನ್ನು ಕೆನಡಾದ ರೆಡ್ ಕ್ರಾಸ್ ಸಂಸ್ಥೆಗೆ ಬಿಟ್ಟುಕೊಟ್ಟರು. ಗಾಯಾಳು ಸೈನಿಕರಿಗಾಗಿ ಮರಗಳ ನಡುವೆ ಒಂದೇ ಅಂತಸ್ತಿನ ವಾರ್ಡುಗಳು ಎದ್ದವು. ಯುದ್ಧ ಮುಗಿಯಿತು, ಸೈನಿಕರು ತಮ್ಮ ತಮ್ಮ ಊರಿಗೆ ಹೋದರು. 1947ರಲ್ಲಿ ಅದೇ ವಾರ್ಡುಗಳಿಗೆ ಮಕ್ಕಳು ಬಂದರು.

ಮೊದಲು ಬಂದವರಲ್ಲಿ ಹೆಚ್ಚಿನವರು ರುಮ್ಯಾಟಿಕ್ ಜ್ವರದ ಮಕ್ಕಳು. ಗಂಟಲು ನೋವಾಗಿ ಶುರುವಾಗಿ, ಕೀಲುಗಳನ್ನು ನೋಯಿಸಿ, ಕೊನೆಗೆ ಹೃದಯದ ಕವಾಟಗಳನ್ನೇ ಹಾಳುಮಾಡುವ ಕಾಯಿಲೆ ಅದು. ಇಂಗ್ಲೆಂಡಿನ ಬಡವರ ಇಕ್ಕಟ್ಟಾದ ಮನೆಗಳಲ್ಲಿ ಅದು ಬೀಡುಬಿಟ್ಟಿತ್ತು. ಪೆನ್ಸಿಲಿನ್ ಬಂತು, ವಸತಿ ಸುಧಾರಿಸಿತು, ಆ ಜ್ವರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯಿತು. ಖಾಲಿಯಾದ ಹಾಸಿಗೆಗಳಿಗೆ ಇನ್ನೊಂದು ಬಗೆಯ ಮಕ್ಕಳು ಬರತೊಡಗಿದರು. ಇವರ ಗಂಟಲು ಚೆನ್ನಾಗಿತ್ತು. ಪೆನ್ಸಿಲಿನ್ ಇವರಿಗೆ ಏನೂ ಮಾಡುತ್ತಿರಲಿಲ್ಲ. ಮಂಡಿ, ಮಣಿಕಟ್ಟು, ಪಾದದ ಗಂಟು, ಕುತ್ತಿಗೆ ಊದಿಕೊಂಡು ಬಿಗಿದುಹೋಗಿರುತ್ತಿದ್ದವು. ವಾರವಲ್ಲ, ತಿಂಗಳಲ್ಲ, ವರ್ಷಗಟ್ಟಲೆ ಹಾಗೇ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಕೀಲುಗಳ ಒಳಪೊರೆಯ ಮೇಲೆ ಬಿದ್ದಿತ್ತು.

ಈ ಘಟಕದ ಮುಖ್ಯಸ್ಥ ಎರಿಕ್ ಬೈವಾಟರ್ಸ್. ಲಂಡನ್ನಿನ ಮೇಲೆ ಜರ್ಮನ್ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ ಕುಸಿದ ಕಟ್ಟಡಗಳಡಿಯಿಂದ ಜೀವಂತವಾಗಿ ಹೊರಬಂದವರು ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಗಮನಿಸಿ, ಜಜ್ಜಿಹೋದ ಸ್ನಾಯುಗಳಿಗೂ ಮೂತ್ರಪಿಂಡಕ್ಕೂ ಇರುವ ನಂಟನ್ನು 1941ರಲ್ಲಿ ಬರೆದಿಟ್ಟ ವೈದ್ಯ ಅವರು. ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವುದು, ನೋಡಿದ್ದನ್ನು ಬರೆಯುವುದು, ಬರೆದಿದ್ದನ್ನು ವರ್ಷಗಳ ನಂತರ ಮತ್ತೆ ತೆಗೆದು ನೋಡುವುದು ಅವರಿಗೆ ಒಗ್ಗಿದ ಕೆಲಸ. ಮಕ್ಕಳ ಕೀಲುವಾತಕ್ಕೆ ಬೇಕಾಗಿದ್ದುದೂ ಅದೇ.

ಆ ವಾರ್ಡಿನ ಒಂದು ದಿನ ಶುರುವಾಗುತ್ತಿದ್ದುದು ಬಿಗಿತದಿಂದ. ಈ ಕಾಯಿಲೆಯ ಮಗುವಿಗೆ ಬೆಳಗಿನ ಹೊತ್ತೇ ಅತಿ ಕಷ್ಟದ ಹೊತ್ತು. ರಾತ್ರಿಯಿಡೀ ಅಲುಗದೆ ಮಲಗಿದ ಕೀಲುಗಳು ಮುಂಜಾನೆ ಮಡಚಲು ಒಲ್ಲವು, ಚಾಚಲೂ ಒಲ್ಲವು. ಹಾಸಿಗೆಯಿಂದ ಕಾಲು ಇಳಿಬಿಡುವುದೇ ಒಂದು ಸಾಹಸ. ಬಿಸಿನೀರಿನ ಸ್ನಾನವಾದ ಮೇಲೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಮಂಡಿ ಸಡಿಲವಾಗುತ್ತದೆ. ಕೀಲು ಸೊಟ್ಟಗೆ ಕೂಡಿಕೊಳ್ಳದಿರಲೆಂದು ರಾತ್ರಿ ಕಟ್ಟಿದ ಪ್ಲಾಸ್ಟರ್ ಪಟ್ಟಿಗಳನ್ನು ಬಿಚ್ಚಬೇಕು. ಬೆಚ್ಚಗಿನ ನೀರಿನ ಕೊಳದಲ್ಲಿ ವ್ಯಾಯಾಮ. ಆಮೇಲೆ ಆಸ್ಪಿರಿನ್ ಮಾತ್ರೆಗಳು. ಆ ದಿನಗಳಲ್ಲಿ ಮುಖ್ಯ ಔಷಧ ಅದೇ, ಕೊಡುತ್ತಿದ್ದ ಪ್ರಮಾಣವೂ ದೊಡ್ಡದು. ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ ಪ್ರಮಾಣ ಮೀರಿತು ಎಂದು ವೈದ್ಯರು ಅರ್ಥಮಾಡಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಉಳಿಯುವ ಮಕ್ಕಳಾದ್ದರಿಂದ ಪಾಠವೂ ಅಲ್ಲೇ ನಡೆಯಬೇಕಿತ್ತು. ತಂದೆತಾಯಿ ಮಗುವನ್ನು ಯಾವಾಗ ಬೇಕಾದರೂ ಬಂದು ನೋಡುವ ಪದ್ಧತಿ ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇರಲಿಲ್ಲ; ವಾರದಲ್ಲಿ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆ, ಅಷ್ಟೇ. ನಾಲ್ಕೈದು ವರ್ಷದ ಮಗು, ಕೈಕಾಲು ಬಿಗಿದುಕೊಂಡು, ಅಮ್ಮ ಬರುವ ದಿನಕ್ಕಾಗಿ ಕಾಯುತ್ತ ಮಲಗಿರುವುದನ್ನು ನೆನೆಸಿಕೊಂಡರೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಸಂಜೆ. ಕೆಲವು ಮಕ್ಕಳಿಗೆ ಸಂಜೆಯಾದಂತೆ ಜ್ವರ ಏರುತ್ತಿತ್ತು. ಜ್ವರದ ಜೊತೆ ಎದೆ, ಹೊಟ್ಟೆ, ತೋಳು, ತೊಡೆಗಳ ಮೇಲೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಮಚ್ಚೆಗಳು ಮೂಡುತ್ತಿದ್ದವು. ತುರಿಕೆ ಹೆಚ್ಚಿಲ್ಲ. ಚರ್ಮವನ್ನು ಉಜ್ಜಿದ ಕಡೆ, ಬಟ್ಟೆ ಒತ್ತಿದ ಕಡೆ ಇನ್ನಷ್ಟು ಎದ್ದು ಕಾಣುತ್ತವೆ. ಜ್ವರ ಇಳಿಯುತ್ತಿದ್ದಂತೆ ಗುರುತೇ ಇಲ್ಲದಂತೆ ಮಾಯ. ಬೆಳಿಗ್ಗೆ ವೈದ್ಯರು ಸುತ್ತು ಬರುವಾಗ ಮಗುವಿನ ಮೈ ನುಣುಪಾಗಿರುತ್ತದೆ, ಜ್ವರವೂ ಇರುವುದಿಲ್ಲ. ಸಂಜೆ ನೋಡಿದವರಿಗೆ ಮಾತ್ರ ಸಿಗುವ ರೋಗಲಕ್ಷಣ ಇದು. ಈ ಮಚ್ಚೆಗಳನ್ನು ಬೈವಾಟರ್ಸ್ ತಮ್ಮ ಸಹೋದ್ಯೋಗಿ ಇಸ್‌ಡೇಲ್ ಜೊತೆ ಸೇರಿ ಕೂಲಂಕಷವಾಗಿ ವರ್ಣಿಸಿ 1956ರಲ್ಲಿ ಪ್ರಕಟಿಸಿದರು. ಇವತ್ತಿಗೂ, ಎಲ್ಲ ಸ್ಕ್ಯಾನುಗಳು ಬಂದ ಮೇಲೂ, ಮಗುವಿನ ದೇಹವನ್ನೆಲ್ಲ ಆವರಿಸುವ ಬಗೆಯ ಕೀಲುವಾತವನ್ನು ಗುರುತಿಸಲು ಸಂಜೆಯ ಜ್ವರ ಮತ್ತು ಆ ಗುಲಾಬಿ ಮಚ್ಚೆಗಳನ್ನೇ ವೈದ್ಯರು ಹುಡುಕುತ್ತಾರೆ. ಅದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇನ್ನೂ ಇಲ್ಲ.

ಈ ಬಗೆಯನ್ನು ಬೇರೆಯಾಗಿ ಗುರುತಿಸಿದ್ದು ಟ್ಯಾಪ್ಲೋಗಿಂತ ಅರ್ಧ ಶತಮಾನ ಹಿಂದೆ, ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ. 1852ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾದ ಆ ಆಸ್ಪತ್ರೆ 1890ರ ದಶಕದ ಹೊತ್ತಿಗೆ ದೊಡ್ಡದಾಗಿತ್ತು. ಅಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಯುವ ವೈದ್ಯ ಇದ್ದರು. ಕೇಂಬ್ರಿಜ್‌ನಲ್ಲಿ ಗ್ರೀಕ್, ಲ್ಯಾಟಿನ್ ಓದಿ ಆಮೇಲೆ ವೈದ್ಯಕೀಯಕ್ಕೆ ಬಂದವರು. ಸಂಕೋಚದ ಸ್ವಭಾವ, ಮದುವೆಯಾಗಲಿಲ್ಲ. ವಾರ್ಡಿನಲ್ಲಿ ಬದುಕಿರುವ ಮಕ್ಕಳನ್ನೂ, ಶವಾಗಾರದಲ್ಲಿ ತೀರಿಕೊಂಡ ಮಕ್ಕಳನ್ನೂ ಅವರೇ ನೋಡುತ್ತಿದ್ದರು. ಹೀಗೆ ಎರಡೂ ಕಡೆ ಒಬ್ಬರದೇ ಕಣ್ಣು ಇದ್ದುದು ದೊಡ್ಡ ಅನುಕೂಲವಾಯಿತು. 22 ಮಕ್ಕಳ ವಿವರಗಳನ್ನು ಕಲೆಹಾಕಿ 1896ರ ನವೆಂಬರಿನಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರ ಮುಂದೆ ಅವರು ಪ್ರಬಂಧ ಓದಿದರು. ಅದು ಮರುವರ್ಷ ಅಚ್ಚಾಯಿತು.

ಅಲ್ಲಿಯವರೆಗೆ ಮಕ್ಕಳಲ್ಲಿ ಕೀಲು ಊದಿದರೆ ಅದು ದೊಡ್ಡವರ ಸಂಧಿವಾತದ ಚಿಕ್ಕ ರೂಪ ಎಂಬ ತಿಳಿವಳಿಕೆ ಇತ್ತು. ಸ್ಟಿಲ್ ಬೆರಳಿಟ್ಟು ತೋರಿಸಿದ್ದು ಅದು ಬೇರೆ ಎಂದು. ಈ ಮಕ್ಕಳ ಕೀಲು ಮುಟ್ಟಿದರೆ ಮೂಳೆ ದಪ್ಪವಾಗಿರುವುದು ಸಿಗುವುದಿಲ್ಲ. ಕೀಲಿನ ಸುತ್ತಣ ಮೆತ್ತನೆಯ ಭಾಗ ಊದಿರುತ್ತದೆ. ಎಷ್ಟೋ ಮುಂದುವರಿದ ಕಾಯಿಲೆಯಲ್ಲೂ ಮೂಳೆಗೆ ಮೂಳೆ ಉಜ್ಜುವ ಕರಕರ ಇರುವುದಿಲ್ಲ. ಕುತ್ತಿಗೆ ಬೇಗ ಬಿಗಿಯುತ್ತದೆ. ಕುತ್ತಿಗೆ, ಕಂಕುಳಿನ ಗಡ್ಡೆಗಳು ಊದುತ್ತವೆ, ಗುಲ್ಮ ದೊಡ್ಡದಾಗುತ್ತದೆ. ಮತ್ತು ಮಗುವಿನ ಬೆಳವಣಿಗೆ ನಿಲ್ಲುತ್ತದೆ. ಎಕ್ಸ್-ರೇ ಕಂಡುಹಿಡಿದು ಆಗಿನ್ನೂ ಒಂದು ವರ್ಷ. ಇದೆಲ್ಲ ಕೈಬೆರಳಿನ ಓದು.

ಸ್ಟಿಲ್ ಅಂದು ಹೇಳಿದ ಬೆಳವಣಿಗೆಯ ಮಾತನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಮಕ್ಕಳ ಮೇಲಿನ ಸಂಶೋಧನೆ ಮಕ್ಕಳ ಬಳಿಯೇ ನಡೆಯಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಕಾರಣವಿಲ್ಲ. ದೊಡ್ಡವರ ಮಂಡಿ ಊದಿದರೆ ಮಂಡಿ ಕೆಡುತ್ತದೆ. ಮಗುವಿನ ಮಂಡಿ ಊದಿದರೆ ಅಲ್ಲಿಗೆ ರಕ್ತದ ಹರಿವು ಹೆಚ್ಚಿ, ಪಕ್ಕದಲ್ಲೇ ಇರುವ ಬೆಳವಣಿಗೆಯ ಪಟ್ಟಿ ಚುರುಕಾಗಿ, ಆ ಕಾಲು ಇನ್ನೊಂದಕ್ಕಿಂತ ಉದ್ದವಾಗುತ್ತದೆ. ದವಡೆಯ ಕೀಲಿಗೆ ಬಂದರೆ ತದ್ವಿರುದ್ಧ: ಗಲ್ಲ ಬೆಳೆಯದೆ ಚಿಕ್ಕದಾಗಿ ಉಳಿಯುತ್ತದೆ, ಹಲ್ಲುಗಳು ಒತ್ತರಿಸುತ್ತವೆ. ಒಂದೇ ಕಾಯಿಲೆ, ಒಂದು ಕಡೆ ಮೂಳೆಯನ್ನು ಎಳೆಯುತ್ತದೆ, ಮತ್ತೊಂದು ಕಡೆ ಕುಗ್ಗಿಸುತ್ತದೆ. ದೊಡ್ಡವರ ಪುಸ್ತಕ ಎಷ್ಟು ಓದಿದರೂ ಇದು ಸಿಗುವುದಿಲ್ಲ.

1951ರಲ್ಲಿ ಟ್ಯಾಪ್ಲೋಗೆ ಬಾರ್ಬರಾ ಆನ್ಸೆಲ್ ಬಂದರು. ಅವರು ಮಕ್ಕಳ ವೈದ್ಯೆಯಾಗಿ ತರಬೇತಿ ಪಡೆದವರಲ್ಲ. ದೊಡ್ಡವರ ಕಾಯಿಲೆಗಳ ಕಡೆಯಿಂದ ಬಂದವರು. ಆದರೆ ಮುಂದಿನ ಕಾಲು ಶತಮಾನ ಆ ವಾರ್ಡುಗಳನ್ನು ಬಿಡಲಿಲ್ಲ. ಕೀಲು ಊದಿದ ಮಗುವನ್ನು ಅಲುಗಿಸಬಾರದು, ಮಲಗಿಸಿಯೇ ಇಡಬೇಕು ಎಂಬ ಆ ಕಾಲದ ನಂಬಿಕೆಯನ್ನು ಆನ್ಸೆಲ್ ಒಪ್ಪಲಿಲ್ಲ. ಮಲಗಿದ ಮಗುವಿನ ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ, ಮಡಚಿದ ಮಂಡಿ ಮಡಚಿಯೇ ಉಳಿಯುತ್ತದೆ. ಏಳಿಸಿ, ನಿಲ್ಲಿಸಿ, ನೀರಿಗಿಳಿಸಿ, ನಡೆಸಿ ಎನ್ನುವುದು ಅವರ ದಾರಿ. ಮಕ್ಕಳ ಕೀಲುವಾತ ಎಂಬುದು ಒಂದು ಪ್ರತ್ಯೇಕ ವೈದ್ಯಶಾಖೆಯಾಗಿ ನಿಂತಿತೆಂದರೆ ಅದರಲ್ಲಿ ಆನ್ಸೆಲ್ ಅವರ ಪಾಲು ಬಹಳ ದೊಡ್ಡದು. ಬೇರೆ ಬೇರೆ ದೇಶಗಳ ಯುವ ವೈದ್ಯರು ಅವರ ಬಳಿ ಕಲಿತು ತಮ್ಮ ನಾಡಿಗೆ ಹೋಗಿ ಚಿಕಿತ್ಸಾಲಯಗಳನ್ನು ತೆರೆದರು.

ಆನ್ಸೆಲ್ ಮತ್ತು ಬೈವಾಟರ್ಸ್ ಮಾಡಿದ ಇನ್ನೊಂದು ಕೆಲಸ ಹೊರನೋಟಕ್ಕೆ ನೀರಸವಾಗಿ ಕಾಣುವಂಥದ್ದು. ಆಸ್ಪತ್ರೆಯಿಂದ ಮನೆಗೆ ಹೋದ ಮಕ್ಕಳನ್ನು ಅವರು ಮರೆಯಲಿಲ್ಲ. ವರ್ಷ ವರ್ಷ ಕರೆಸಿದರು, ಅಳೆದರು, ಬರೆದರು. ಆ ಮಕ್ಕಳು ಬೆಳೆದು ಕೆಲಸಕ್ಕೆ ಸೇರಿದರು, ಮದುವೆಯಾದರು, ಕಡತ ಮುಂದುವರಿಯಿತು. ಅದರಿಂದ ಎರಡು ಸಂಗತಿ ಹೊರಬಂದವು. ಹೆಚ್ಚಿನ ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತು ಬದುಕಬಲ್ಲರು ಎಂಬುದು ಒಂದು. ಕಾಯಿಲೆ ಶುರುವಾದ ಮೊದಲ ವರ್ಷದೊಳಗೆ ತಜ್ಞರ ಬಳಿ ಬಂದವರ ಗತಿ, ತಡವಾಗಿ ಬಂದವರಿಗಿಂತ ಚೆನ್ನಾಗಿತ್ತು ಎಂಬುದು ಎರಡನೆಯದು. 1959ರಷ್ಟು ಹಿಂದೆ, ಇವತ್ತಿನ ಮುಖ್ಯ ಔಷಧಗಳು ಈ ಮಕ್ಕಳಿಗೆ ಸಿಗದಿದ್ದ ಕಾಲದಲ್ಲಿ ಸಿಕ್ಕ ಸತ್ಯ ಇದು.

ಔಷಧಗಳ ಕಥೆ ಅಷ್ಟು ನೇರವಾಗಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಕಾರ್ಟಿಸೋನ್ ಪಡೆದ ಸಂಧಿವಾತದ ರೋಗಿಗಳು ಎದ್ದು ನಡೆದರು. ಎರಡೇ ವರ್ಷಕ್ಕೆ ಆ ಸಂಶೋಧನೆಗೆ ನೊಬೆಲ್ ಬಂತು. ಮಕ್ಕಳ ವಾರ್ಡುಗಳಲ್ಲೂ ಅದನ್ನು ಕೊಟ್ಟರು. ಜ್ವರ ಇಳಿಯಿತು, ನೋವು ಓಡಿತು. ಕೆಲವು ತಿಂಗಳಲ್ಲಿ ಮುಖ ಪೂರ್ಣಚಂದ್ರನ ಹಾಗೆ ದುಂಡಗಾಯಿತು, ಮೂಳೆ ಟೊಳ್ಳಾಯಿತು, ಎತ್ತರ ನಿಂತೇ ಹೋಯಿತು. ಹತ್ತು ವರ್ಷದ ಹುಡುಗಿ ಆರು ವರ್ಷದವಳಷ್ಟೇ ಇದ್ದಾಳೆ ಎಂಬುದು ಆ ತಲೆಮಾರಿನ ವೈದ್ಯರು ಕಣ್ಣಾರೆ ಕಂಡ ದೃಶ್ಯ. ದಿನ ಬಿಟ್ಟು ದಿನ ಕೊಟ್ಟರೆ ಬೆಳವಣಿಗೆಗೆ ಪೆಟ್ಟು ಕಡಿಮೆ ಬೀಳುತ್ತದೆಂಬುದನ್ನು ಕಂಡುಕೊಂಡದ್ದು ಇಂಥ ವಾರ್ಡುಗಳಲ್ಲೇ. ಉರಿಯೂತ ವರ್ಷಗಟ್ಟಲೆ ಆರದೆ ಉಳಿದ ಕೆಲವು ಮಕ್ಕಳ ಮೂತ್ರಪಿಂಡಗಳಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ತುಂಬಿಕೊಂಡು ಅವರು ತೀರಿಕೊಳ್ಳುತ್ತಿದ್ದರು. ಆಸ್ಪಿರಿನ್ನಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

ಬದಲಾವಣೆ ತಂದ ಮೊದಲ ಔಷಧ ಹಳದಿ ಬಣ್ಣದ ಒಂದು ಪುಟ್ಟ ಮಾತ್ರೆ: ಮೆಥೊಟ್ರೆಕ್ಸೇಟ್. ಇದರ ಮೂಲದಲ್ಲಿ ನಮ್ಮ ನೆರೆನಾಡಿನ ಒಬ್ಬರ ಶ್ರಮವಿದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನು ಎದುರಿಸುವ ಸಂಯುಕ್ತಗಳನ್ನು ತಯಾರಿಸಿತು. ಮೊದಲು ಅವು ಬಳಕೆಯಾದದ್ದು ಮಕ್ಕಳ ರಕ್ತಕ್ಯಾನ್ಸರಿಗೆ. ಬಹಳ ಚಿಕ್ಕ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಟ್ಟರೆ ಕೀಲುವಾತ ತಗ್ಗುತ್ತದೆಂಬುದು ಆಮೇಲೆ ಗೊತ್ತಾಯಿತು. ಮಕ್ಕಳಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಒಂದು ಊರಿನ ಆಸ್ಪತ್ರೆಯಲ್ಲಿ ಸಾಕಷ್ಟು ಮಕ್ಕಳು ಸಿಗುವುದಿಲ್ಲ. ಆಗ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಮಕ್ಕಳ ವೈದ್ಯರು ಕೈಜೋಡಿಸಿದರು. ಒಂದರ ಮೇಲೊಂದು ಅಣ್ವಸ್ತ್ರ ಗುರಿಯಿಟ್ಟು ನಿಂತಿದ್ದ ಎರಡು ದೇಶಗಳು 127 ಮಕ್ಕಳ ಮಂಡಿ, ಮಣಿಕಟ್ಟುಗಳನ್ನು ಒಂದೇ ಅಳತೆಯಲ್ಲಿ ಅಳೆದವು. 1992ರಲ್ಲಿ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಫಲಿತಾಂಶ ಉಳಿಯಿತು: ದೇಹದ ಮೇಲ್ಮೈಯ ಅಳತೆಗೆ ತಕ್ಕಂತೆ ವಾರಕ್ಕೆ ಚದರ ಮೀಟರಿಗೆ 10 ಮಿಲಿಗ್ರಾಂ ಪಡೆದವರಲ್ಲಿ 63% ಮಕ್ಕಳು ಸುಧಾರಿಸಿದರು, ಬರೀ ಹುಸಿಮಾತ್ರೆ ಪಡೆದವರಲ್ಲಿ 36%. ಮೂವತ್ತು ವರ್ಷ ದಾಟಿದರೂ ಜಗತ್ತಿನೆಲ್ಲೆಡೆ ಈ ಮಕ್ಕಳ ಚಿಕಿತ್ಸೆಯ ಬುನಾದಿ ಅದೇ ಔಷಧ.

ಬಳಿಕ ಬಂದವು ಬಯಾಲಾಜಿಕ್ ಎಂದು ಕರೆಯುವ ಚುಚ್ಚುಮದ್ದುಗಳು. ಕೀಲಿನ ಒಳಪೊರೆಯಲ್ಲಿ ಉರಿಯೂತವನ್ನು ಹೊತ್ತಿಸುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ತಡೆದರೆ ಬೆಂಕಿ ಆರುತ್ತದೆಂದು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ದೊಡ್ಡವರಲ್ಲಿ ತೋರಿಸಿದ್ದರು. ಮಕ್ಕಳ ಸರದಿ ಬಂದಾಗ ಎದುರಾದ ಪ್ರಶ್ನೆ ವಿಜ್ಞಾನದ್ದಷ್ಟೇ ಆಗಿರಲಿಲ್ಲ. ನೋವಿನಲ್ಲಿ ನರಳುವ ಮಗುವಿಗೆ ಪ್ರಯೋಗದ ಹೆಸರಿನಲ್ಲಿ ತಿಂಗಳುಗಟ್ಟಲೆ ಹುಸಿ ಚುಚ್ಚುಮದ್ದು ಕೊಡುವುದು ಹೇಗೆ? ಅದಕ್ಕೆ ಸಂಶೋಧಕರು ಒಂದು ದಾರಿ ಹಿಡಿದರು. ಮೊದಲ ಮೂರು ತಿಂಗಳು ಎಲ್ಲ ಮಕ್ಕಳಿಗೂ ನಿಜವಾದ ಔಷಧವೇ. ಗುಣ ಕಂಡವರನ್ನು ಮಾತ್ರ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ ಮುಂದುವರಿಸುವುದು, ಇನ್ನೊಂದಕ್ಕೆ ನಿಲ್ಲಿಸುವುದು. ಕಾಯಿಲೆ ಮರಳಿದ ಕೂಡಲೇ ಆ ಮಗು ಮತ್ತೆ ಔಷಧಕ್ಕೆ. ಟಿ.ಎನ್.ಎಫ್. ತಡೆಯುವ ಎಟನರ್ಸೆಪ್ಟ್ ಔಷಧದ ಇಂಥ ಪರೀಕ್ಷೆಗೆ 4ರಿಂದ 17 ವರ್ಷದ 69 ಮಕ್ಕಳು ಸೇರಿದರು; 51 ಮಕ್ಕಳಿಗೆ ಗುಣ ಕಂಡಿತು. ನಂತರದ ಹಂತದಲ್ಲಿ ಔಷಧ ನಿಂತವರಲ್ಲಿ 81% ಮಕ್ಕಳಿಗೆ ಕಾಯಿಲೆ ಮರುಕಳಿಸಿತು, ಮುಂದುವರಿದವರಲ್ಲಿ 28%. ಡೇನಿಯಲ್ ಲವೆಲ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಈ ಅಂಕಿಗಳ ಹಿಂದೆ ಒಂದೊಂದು ಮನೆಯ ಒಪ್ಪಿಗೆ ಇದೆ. ಗುಣವಾಗಿ ಓಡಾಡುತ್ತಿರುವ ಮಗಳ ಔಷಧ ನಿಲ್ಲಬಹುದು ಎಂದು ಗೊತ್ತಿದ್ದೂ ಸಹಿ ಹಾಕಿದ ತಂದೆತಾಯಿಯರು ಅವರು. ಅವರ ಹೆಸರು ಯಾವ ಪ್ರಬಂಧದಲ್ಲೂ ಬರುವುದಿಲ್ಲ. ಇಂದು ಈ ಔಷಧ ಪಡೆಯುವ ಪ್ರತಿ ಮಗುವೂ ಅವರಿಗೆ ಋಣಿ.

ಸಂಜೆ ಜ್ವರದ, ಗುಲಾಬಿ ಮಚ್ಚೆಯ ಮಕ್ಕಳಿಗೆ ಮಾತ್ರ ಟಿ.ಎನ್.ಎಫ್. ತಡೆದು ಹೆಚ್ಚು ಪ್ರಯೋಜನವಾಗಲಿಲ್ಲ. ಅವರ ಗುಟ್ಟು ಬಿಟ್ಟುಕೊಟ್ಟದ್ದು ಡಲ್ಲಾಸ್‌ನಲ್ಲಿ ವರ್ಜೀನಿಯಾ ಪಾಸ್ಕುಯಲ್ ತಂಡ ನಡೆಸಿದ ಒಂದು ಸರಳ ಪ್ರಯೋಗ. ಆರೋಗ್ಯವಂತರ ಬಿಳಿರಕ್ತಕಣಗಳನ್ನು ಈ ಮಕ್ಕಳ ರಕ್ತದ ತಿಳಿಯಲ್ಲಿ ಇಟ್ಟು, ಆ ಕಣಗಳೊಳಗೆ ಯಾವ ಯಾವ ಜೀನುಗಳು ಎಚ್ಚೆತ್ತವೆಂದು ನೋಡಿದರು. ಎದ್ದು ಕಂಡದ್ದು ಇಂಟರ್‌ಲ್ಯೂಕಿನ್-1 ಎಂಬ ಇನ್ನೊಂದು ಪ್ರೋಟೀನಿನ ಕೈವಾಡ. ಅದನ್ನು ತಡೆಯುವ ಅನಾಕಿನ್ರಾ ಔಷಧವನ್ನು ಬೇರಾವುದಕ್ಕೂ ಬಗ್ಗದ 9 ಮಕ್ಕಳಿಗೆ ಕೊಟ್ಟರು. 7 ಮಕ್ಕಳ ಕಾಯಿಲೆ ಪೂರ್ತಿ ಅಡಗಿತು. ಇದು 2005ರ ಮಾತು. ಸ್ಟಿಲ್ ಬೆರಳಿನಿಂದ ಗುರುತಿಸಿದ ಭೇದ, ಬೈವಾಟರ್ಸ್ ಸಂಜೆ ಹೊತ್ತು ಕಣ್ಣಿನಿಂದ ಕಂಡ ಭೇದ, ಪರೀಕ್ಷಾ ನಳಿಕೆಯಲ್ಲೂ ನಿಜವಾಯಿತು.

ಇಷ್ಟರಲ್ಲಿ ಟ್ಯಾಪ್ಲೋ ಮುಗಿದಿತ್ತು. 1976ರಲ್ಲಿ ಆನ್ಸೆಲ್ ನಾರ್ಥ್‌ವಿಕ್ ಪಾರ್ಕ್ ಆಸ್ಪತ್ರೆಗೆ ಹೋದರು. ಟ್ಯಾಪ್ಲೋ ಆಸ್ಪತ್ರೆಯನ್ನು 1985ರಲ್ಲಿ ಮುಚ್ಚಿದರು. ವರ್ಷಗಟ್ಟಲೆ ಪಾಳುಬಿದ್ದಿದ್ದ ವಾರ್ಡುಗಳನ್ನು ಕೆಡವಿದ ಜಾಗದಲ್ಲಿ ಈಗ ಮನೆಗಳಿವೆ.

ಈ ಮಕ್ಕಳು ಯುರೋಪಿಗೆ, ಅಮೆರಿಕಕ್ಕೆ ಸೀಮಿತರಲ್ಲ. ಬೆಂಗಳೂರಿನಲ್ಲಿ ಮಕ್ಕಳ ಕೀಲುರೋಗ ತಜ್ಞರು ಕೂರುವ ಓಪಿಡಿಯ ಹೊರಗೆ ಯಾವ ಬೆಳಿಗ್ಗೆ ಹೋದರೂ ಬೆಂಚುಗಳು ತುಂಬಿರುತ್ತವೆ. ರಾತ್ರಿ ಬಸ್ಸಿಗೆ ಹೊರಟು ಬಂದವರು, ಕಂಕುಳಲ್ಲಿ ಎಕ್ಸ್-ರೇ ಹಾಳೆಗಳ ದೊಡ್ಡ ಕವರು, ಪ್ಲಾಸ್ಟಿಕ್ ಚೀಲದಲ್ಲಿ ಮೂರು ನಾಲ್ಕು ಆಸ್ಪತ್ರೆಯ ಚೀಟಿಗಳು. ಅಪ್ಪನ ಹೆಗಲ ಮೇಲೆ ಏಳೆಂಟು ವರ್ಷದ ಹುಡುಗ. ಎತ್ತಿಕೊಳ್ಳುವ ವಯಸ್ಸಲ್ಲ, ಆದರೂ ಎತ್ತಿಕೊಂಡಿದ್ದಾರೆ. ಒಳಗೆ ಡಾಕ್ಟರು ಒಂದು ಪುಟ್ಟ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡಿದ್ದಾರೆ.

“ಎಲ್ಲಿ, ನಮಸ್ಕಾರ ಮಾಡು ಪುಟ್ಟಿ. ಹಾಗಲ್ಲ, ಮೊಣಕೈ ಮೇಲೆತ್ತು. ಈಗ ಕೈಯ ಹಿಂಭಾಗ ಎರಡೂ ತಾಗಿಸು. ಬಾಯಿ ದೊಡ್ಡದಾಗಿ ತೆಗಿ, ನಿನ್ನದೇ ಮೂರು ಬೆರಳು ಒಳಗೆ ಹೋಗುತ್ತಾ ನೋಡೋಣ.”

ಮಗುವಿಗೆ ಇದು ಆಟ. ಡಾಕ್ಟರಿಗೆ ಇದು ಪರೀಕ್ಷೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆಲೆನ್ ಫಾಸ್ಟರ್ ಮತ್ತು ಸಂಗಡಿಗರು ಶಾಲಾ ವಯಸ್ಸಿನ ಮಕ್ಕಳಿಗಾಗಿ 2006ರಲ್ಲಿ ರೂಪಿಸಿ ಪ್ರಕಟಿಸಿದ ಕ್ರಮ ಇದು. ತುದಿಗಾಲಲ್ಲಿ ನಡೆ, ಹಿಮ್ಮಡಿಯಲ್ಲಿ ನಡೆ, ಸೂರಿನ ಕಡೆ ಕೈ ಚಾಚಿ ನೋಡು, ಕಿವಿಯನ್ನು ಭುಜಕ್ಕೆ ತಾಗಿಸು. ಯಂತ್ರ ಬೇಡ, ಕೆಲವೇ ನಿಮಿಷ ಸಾಕು. ನಮಸ್ಕಾರ ಮಾಡಿದ ಅಂಗೈಗಳ ನಡುವೆ ಸಂದು ಉಳಿದರೆ ಮಣಿಕಟ್ಟಿನಲ್ಲಿ ಏನೋ ಇದೆ. ತಾಲ್ಲೂಕು ಆಸ್ಪತ್ರೆಯ ಪ್ರತಿ ವೈದ್ಯರಿಗೂ ಇದು ಬರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮಲ್ಲಿ ಕಳೆದುಹೋಗುವ ತಿಂಗಳುಗಳು ತಾಲ್ಲೂಕಿನಿಂದ ಬೆಂಗಳೂರಿಗೆ ಬರುವ ದಾರಿಯಲ್ಲೇ ಕಳೆದುಹೋಗುತ್ತಿವೆ.

“ಬೆಳಿಗ್ಗೆ ಮಾತ್ರ ಹಿಂಗೆ ಡಾಕ್ಟ್ರೇ,” ಎನ್ನುತ್ತಾರೆ ತಾಯಿ. “ಹತ್ತು ಗಂಟೆ ಹೊತ್ತಿಗೆಲ್ಲ ಸರಿಹೋಗ್ತಾಳೆ. ಸ್ಕೂಲ್ ತಪ್ಪಿಸೋಕೆ ನಾಟಕ ಮಾಡ್ತಾಳೆ ಅಂತ ಬೈದ್ವಿ. ಅಜ್ಜಿ ಬೆಳೆಯೋ ನೋವು ಅಂದ್ರು.”

ಬೆಳೆಯುವ ಮಕ್ಕಳಿಗೆ ಕಾಲುನೋವು ಬರುವುದುಂಟು. ಅದು ಸಂಜೆ ಅಥವಾ ರಾತ್ರಿ, ಎರಡೂ ಕಾಲಿಗೆ, ಒತ್ತಿದರೆ ಹಾಯೆನಿಸುವಂಥದ್ದು. ಬೆಳಿಗ್ಗೆ ಎದ್ದರೆ ಮಗು ಎಂದಿನಂತೆ ಓಡುತ್ತದೆ. ಬೆಳಿಗ್ಗೆ ಕುಂಟುವ ಮಗುವಿನದು ಬೆಳೆಯುವ ನೋವಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಮಕ್ಕಳು ಬೈಗುಳ ತಿಂದಿದ್ದಾರೆ. ಕಾಯಿಲೆಯನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಬಟ್ಟೆ ಹಾಕಿಕೊಳ್ಳಲು ಆಗುತ್ತದೆಯೇ, ಪೆನ್ಸಿಲ್ ಹಿಡಿಯಲು ಆಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ನಮ್ಮ ಮಗುವಿಗೆ ಕೇಳಬೇಕಾದವು ಇನ್ನೂ ಇವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುತ್ತದೆಯೇ? ಶೌಚಕ್ಕೆ ಕುಕ್ಕರಗಾಲಲ್ಲಿ ಕೂತು ಏಳಲು ಆಗುತ್ತದೆಯೇ? ಶಾಲೆಯಲ್ಲಿ ಆ ಕಷ್ಟಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿಯದಿರುವ ಹುಡುಗಿಯರು ಇರುತ್ತಾರೆ.

ಭಾರತದ ಮಕ್ಕಳಲ್ಲಿ ಈ ಕಾಯಿಲೆಯ ಮುಖವೂ ತುಸು ಬೇರೆ. ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ, ಹಿಮ್ಮಡಿ ಮತ್ತು ಸೊಂಟದ ಕಡೆ ಬಾಧಿಸುವ ಬಗೆ ದೊಡ್ಡ ಹುಡುಗರಲ್ಲಿ ಹೆಚ್ಚಾಗಿ ಕಾಣುತ್ತದೆಂದು ನಮ್ಮ ದೇಶದ ಹಲವು ಕೇಂದ್ರಗಳು ವರದಿ ಮಾಡಿವೆ. ಒಂದೇ ಮಂಡಿ ಊದಿದರೆ ಇಲ್ಲಿ ಮೊದಲು ಬರುವ ಅನುಮಾನ ಕ್ಷಯದ್ದು, ಅದು ಸಹಜವೂ ಹೌದು. ಟಿ.ಎನ್.ಎಫ್. ತಡೆಯುವ ಔಷಧ ಮೈಯಲ್ಲಿ ಅಡಗಿದ ಕ್ಷಯವನ್ನು ಎಬ್ಬಿಸಬಲ್ಲದು. ಆದ್ದರಿಂದ ಮೊದಲು ಕ್ಷಯದ ಪರೀಕ್ಷೆ, ಆಮೇಲೆ ಚುಚ್ಚುಮದ್ದು. ಬೆಲೆಯ ಭಾರ ಇನ್ನೊಂದು. ಟಿ.ಎನ್.ಎಫ್. ತಡೆಯುವ ಇನ್ನೊಂದು ಚುಚ್ಚುಮದ್ದಾದ ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಸಮಾನರೂಪ 2014ರಲ್ಲಿ ಬಂದದ್ದು ಭಾರತದ ಮಾರುಕಟ್ಟೆಗೇ ಎಂಬುದು ನೆಮ್ಮದಿ ಕೊಡುವ ಸಂಗತಿ. ಬೆಲೆ ಇಳಿಯಿತು. ಕೂಲಿ ಮಾಡುವ ಮನೆಗೆ ಎಟುಕುವಷ್ಟು ಇನ್ನೂ ಇಳಿದಿಲ್ಲ.

ಕಣ್ಣಿನ ಮಾತು ಹೇಳದೆ ಈ ಚಿತ್ರ ಪೂರ್ತಿಯಾಗದು. ಒಂದೆರಡು ಕೀಲು ಮಾತ್ರ ಊದಿದ ಪುಟ್ಟ ಮಕ್ಕಳಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಕಣ್ಣಿನೊಳಗೂ ಉರಿಯೂತ ಶುರುವಾಗಬಹುದು. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ನೀರು ಸುರಿಯುವುದಿಲ್ಲ. ನಾಲ್ಕು ವರ್ಷದ ಮಗು ತನಗೆ ಮಂಜಾಗಿ ಕಾಣುತ್ತಿದೆ ಎಂದು ಹೇಳುವುದೂ ಇಲ್ಲ. ಕತ್ತಲ ಕೋಣೆಯಲ್ಲಿ ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಿಂದ ಬೆಳಕಿನ ಸಣ್ಣ ಸೀಳನ್ನು ಕಣ್ಣಿನ ಮುಂಕೋಣೆಗೆ ಹಾಯಿಸುತ್ತಾರೆ. ಆರೋಗ್ಯದ ಕಣ್ಣಿನಲ್ಲಿ ಆ ಬೆಳಕಿನ ದಾರಿಯೇ ಕಾಣದು. ಉರಿಯೂತದ ಕಣ್ಣಿನಲ್ಲಿ, ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ತೇಲುವಂತೆ, ಕಣಗಳು ತೇಲುತ್ತವೆ. ಬಿಟ್ಟರೆ ಪಾಪೆ ಅಂಟಿಕೊಳ್ಳುತ್ತದೆ, ಪೊರೆ ಬರುತ್ತದೆ, ದೃಷ್ಟಿ ಹೋಗುತ್ತದೆ. ಈ ಮಕ್ಕಳಿಗೆ ಮೆಥೊಟ್ರೆಕ್ಸೇಟ್ ಜೊತೆ ಅಡಾಲಿಮುಮ್ಯಾಬ್ ಸೇರಿಸಿದರೆ ಏನಾಗುತ್ತದೆಂದು ಬ್ರಿಟನ್ನಿನಲ್ಲಿ ಎ. ವಿ. ರಾಮನನ್ ಮುಂದಾಳುತನದಲ್ಲಿ 90 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಔಷಧದ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಗೆ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಚಿಕಿತ್ಸೆ ವಿಫಲವಾದದ್ದು ಔಷಧ ಪಡೆದವರಲ್ಲಿ 27%, ಹುಸಿಮದ್ದು ಪಡೆದವರಲ್ಲಿ 60%. 2017ರಲ್ಲಿ ಅದು ಪ್ರಕಟವಾಯಿತು.

ಔಷಧಗಳಿವೆ, ಅವುಗಳ ಪುರಾವೆ ಇದೆ. ಇಲ್ಲದಿರುವುದು ಸಮಯಕ್ಕೆ ಸರಿಯಾಗಿ ಗುರುತಿಸುವ ಕಣ್ಣು. ಹದಿನಾರು ವರ್ಷದೊಳಗಿನ ಮಗುವಿನ ಕೀಲು ಆರು ವಾರ ಮೀರಿ ಊದಿಕೊಂಡಿದ್ದು ಬೇರೆ ಕಾರಣ ಸಿಗದಿದ್ದರೆ ಅದು ಕೀಲುವಾತವೆಂದೇ ತಜ್ಞರ ಒಪ್ಪಿತ ವ್ಯಾಖ್ಯೆ. ಹಾಗೆಂದು ಆರು ವಾರ ಮನೆಯಲ್ಲಿ ಎಣ್ಣೆ ಹಚ್ಚುತ್ತ ಕಾಯಬೇಕಿಲ್ಲ. ಜ್ವರದ ಜೊತೆ ಒಂದು ಕೀಲು ದಿಢೀರನೆ ಊದಿ ಮಗು ಅದನ್ನು ಮುಟ್ಟಗೊಡದಿದ್ದರೆ ಕೀವಿನ ಸೋಂಕಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ಅದು ವಾರಕ್ಕೆ ಒಂದೇ ದಿನ. ಆ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಾ ಕೊಟ್ಟರೆ ಅಪಾಯ. ಹಳದಿ ಬಣ್ಣ ಕಂಡರೇ ವಾಕರಿಕೆ ಬರುವ ಮಕ್ಕಳಿದ್ದಾರೆ, ಅವರನ್ನು ಗದರಿಸಬೇಡಿ, ಡಾಕ್ಟರಿಗೆ ಹೇಳಿ. ಊತ ಇಳಿಯಿತೆಂದು ಔಷಧವನ್ನು ನೀವೇ ನಿಲ್ಲಿಸಬೇಡಿ. ಕಣ್ಣಿನಲ್ಲಿ ಯಾವ ದೂರೂ ಇಲ್ಲದಿದ್ದರೂ ವೈದ್ಯರು ಹೇಳಿದಷ್ಟು ಸಲ, ಬಹಳ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಸ್ಲಿಟ್ ಲ್ಯಾಂಪ್ ತಪಾಸಣೆ ಮಾಡಿಸಿ. ಇನ್ನೊಂದು: ಓಪಿಡಿಯಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಬಿಗಿತ ಬಿಟ್ಟು ಮಗು ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆದ್ದರಿಂದ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಮಗು ಇಡುವ ಹೆಜ್ಜೆಗಳನ್ನು, ಸಂಜೆ ಮೈಮೇಲೆ ಏಳುವ ಮಚ್ಚೆಗಳನ್ನು ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.